ಪ್ರಭಾವತಿಯ ಮಾತಿನಪಟ್ಟಿ

ನವಿಲಹೊಳೆ ಊರು, ಮಲಪ್ರಭೆಯ ದಂಡೆ
ಎರಡು ಸಾವಿರದ ಇನ್ನೂರ ಹದಿನೇಳನೆಯ ಇಸವಿ, ಫೆಬ್ರವರಿ ಮೂವತ್ತು

ನಮಗಿಂತ ಮೊದಲು ಬಾಳಿದ ಹಿರಿಯರಿಗೆ ನೀಲಗಂಗಾ ಮಾಡುವ ಶರಣಾರ್ಥಿ.

ತಾರೀಖು ನೋಡಿ ನಗಬೇಡಿ. ನಾವು ಎಲ್ಲ ತಿಂಗಳುಗಳಿಗೂ ಮೂವತ್ತು ದಿನ ಹಂಚಿ, ಮಿಕ್ಕ ದಿನಗಳನ್ನು ಹಬ್ಬಕ್ಕೆ ಬಿಟ್ಟುಕೊಂಡಿದ್ದೇವೆ. ಫೆಬ್ರವರಿಗೆ ನೀವು ಮಾಡಿದ್ದ ಅನ್ಯಾಯ ಹಾಗೆ ಸರಿಹೋಯಿತು. ಈ ಓಲೆ ಹಿಂದಕ್ಕೆ ಹೇಗೆ ಬಂದು ಮುಟ್ಟುತ್ತದೆಂದು ನನ್ನನ್ನು ಕೇಳಬೇಡಿ, ತಿಳಿದವರು ಕಳಿಸುತ್ತಾರೆ. ಗುರುತಿಲ್ಲದ ಪದಗಳು ಬಂದರೆ ಮನ್ನಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಆದರೆ ಮಾತು ಒರಟಾದರೆ ಮನ್ನಿಸಿ ಎನ್ನುವವಳಲ್ಲ. ಮೂವತ್ತೆಂಟು ವರ್ಷ ಬಾಯಿ ಮುಚ್ಚಿಕೊಂಡು ಇದ್ದವಳು ನಾನು, ಅದೂ ಇಷ್ಟಪಟ್ಟು ಅಲ್ಲ.

ಹುಟ್ಟಿದಾಗಿನಿಂದ ನನ್ನ ಕೈಕಾಲು, ನಾಲಿಗೆ ನನ್ನ ಹಿಡಿತಕ್ಕೆ ಬಂದಿಲ್ಲ. ಬಲಗೈಯ ಒಂದು ಬೆರಳು ಮತ್ತು ತಲೆ ನೆಟ್ಟಗಿವೆ. ತಲೆ ಬೇಕಾದ್ದಕ್ಕಿಂತ ಹೆಚ್ಚು ಚುರುಕು ಎಂದು ನನ್ನನ್ನು ಸಾಕಿದ ಚಿಗವ್ವ, ಎಂದರೆ ಚಿಕ್ಕಮ್ಮ, ಕಸ್ತೂರೆವ್ವನ ದೂರು. ಓಡಾಟದ ತೊಂದರೆ ನನಗಿಲ್ಲ. ನಮ್ಮ ಮನೆಗಳಿಗೆ ಎತ್ತರದ ಹೊಸ್ತಿಲುಗಳಿಲ್ಲ. ನೆಲಕ್ಕೆ ಸಮನಾಗಿ ಹಿತ್ತಾಳೆಯ ಗೆರೆ ಕೂರಿಸಿ, ಅದಕ್ಕೇ ಅರಿಶಿನ ಕುಂಕುಮ ಹಚ್ಚುತ್ತೇವೆ. ಲಕ್ಷ್ಮಿ ಅದರ ಮೇಲೆಯೇ ಒಳಗೆ ಬರುತ್ತಾಳೆ, ನನ್ನ ಗಾಲಿಕುರ್ಚಿಯೂ ಬರುತ್ತದೆ. ಇಬ್ಬರಿಗೂ ತಕರಾರಿಲ್ಲ.

ಕುರ್ಚಿ ಬಂದದ್ದು ಮುಯ್ಯಿಮನೆಯಿಂದ. ನೀವೂ ಮದುವೆಗಳಲ್ಲಿ ಮುಯ್ಯಿ ಮಾಡುತ್ತಿದ್ದಿರಂತೆ: ಇವತ್ತು ನಾನು ನಿಮ್ಮ ಮನೆಗೆ ಕೊಟ್ಟದ್ದು ನಾಳೆ ನಮ್ಮ ಮನೆಯ ಕಾರ್ಯಕ್ಕೆ ತಿರುಗಿ ಬರುತ್ತದೆ. ನಾವು ಆ ಪದ್ಧತಿಯನ್ನು ಹಿಗ್ಗಿಸಿಕೊಂಡಿದ್ದೇವೆ. ಯಾರ ಮದುವೆಯೇ ಆಗಲಿ, ಮೊದಲ ಮುಯ್ಯಿ ಊರಿನ ಮುಯ್ಯಿಮನೆಗೆ ಹೋಗಬೇಕು. ಕುರ್ಚಿ, ಕೃತಕ ಕಾಲು, ಕಿವಿಯ ಯಂತ್ರ, ಕಣ್ಣಿಲ್ಲದವರಿಗೆ ದಾರಿ ಹೇಳುವ ಕೋಲು, ಎಲ್ಲದರ ಖರ್ಚು ಅದರಲ್ಲೇ. ಯಾರೂ ಸಾಲಿನಲ್ಲಿ ನಿಂತು ತಮ್ಮ ಕುಂಟುತನಕ್ಕೆ ಸಾಕ್ಷಿ ಕೊಡಬೇಕಿಲ್ಲ, ವೇದಿಕೆ ಹತ್ತಿ ದಾನಿಗಳ ಪಕ್ಕ ಫೋಟೋಕ್ಕೆ ನಗಬೇಕಿಲ್ಲ. ಮುಪ್ಪು ಯಾರನ್ನೂ ಬಿಡುವುದಿಲ್ಲ. ಇವತ್ತು ಕೊಟ್ಟವನ ಮೊಣಕಾಲು ನಾಳೆ ಅದೇ ಮನೆಯ ಬಾಗಿಲಿಗೆ ಬರುತ್ತದೆ.

ಆದರೆ ಮಾತಿನಪಟ್ಟಿಯ ಸಂಗತಿ ಬೇರೆ. ಅದು ಕೆನ್ನೆಗೆ ಅಂಟಿಸಿಕೊಳ್ಳುವ ಎಳೆಯಷ್ಟು ತೆಳುವಾದ ಪಟ್ಟಿ. ಕೆನ್ನೆಯೊಳಗಿನ ಸಣ್ಣ ಮಿಡಿತಗಳನ್ನು ಓದಿ ದನಿಯಾಗಿ ಹೊರಡಿಸುತ್ತದೆ. ಅದಕ್ಕೆ ಬೇಕಾದ ಲೋಹವನ್ನು ನೀವು ಬಹುಮಟ್ಟಿಗೆ ತೋಡಿ ಮುಗಿಸಿದ್ದೀರಿ. ಹೊಸ ಪಟ್ಟಿಗಳು ಮಕ್ಕಳಿಗೆ ಮೊದಲು. ನನ್ನಂಥ ದೊಡ್ಡವರು ತೀರಿಕೊಂಡವರ ಪಟ್ಟಿಗೆ ಕಾಯಬೇಕು. ಅದನ್ನು ಯಾರೂ ಹೋಗಿ ಎತ್ತಿಕೊಂಡು ಬರುವಂತಿಲ್ಲ. ಆ ಮನೆಯವರೇ ಮಗಳನ್ನು ಗಂಡನ ಮನೆಗೆ ಕಳಿಸುವಂತೆ ಉಡಿ ತುಂಬಿ ಕಳಿಸಬೇಕು. ಜುಲುಮೆ ಮಾಡುವುದು ಮಹಾ ಅಪಚಾರ.

ಅಲ್ಲಿಯವರೆಗೆ ನನಗಿದ್ದದ್ದು ಅಕ್ಷರದ ಹಲಗೆ. ನಾನು ಒಂದೊಂದೇ ಅಕ್ಷರ ಮುಟ್ಟಬೇಕು, ಎದುರಿಗಿದ್ದವರು ಕೂಡಿಸಿ ಓದಬೇಕು. ಅಷ್ಟು ತಾಳ್ಮೆ ಯಾರಿಗಿದೆ! ಅರ್ಧ ಮುಟ್ಟುವಷ್ಟರಲ್ಲಿ ಉಳಿದರ್ಧವನ್ನು ತಾವೇ ಹೇಳಿ ಮುಗಿಸುತ್ತಾರೆ, ಅದೂ ಪ್ರೀತಿಯಿಂದ. ಒಮ್ಮೆ ನನ್ನನ್ನು ನೋಡಲು ಒಬ್ಬ ವರ ಬಂದಿದ್ದ. ‘ಹುಡುಗ ಒಳ್ಳೆಯವನು’ ಎಂಬಲ್ಲಿಗೆ ನನ್ನ ಬೆರಳು ತಲುಪಿತ್ತು. ಚಿಗವ್ವ “ಒಪ್ಪಿದ್ಲು, ಒಪ್ಪಿದ್ಲು ನಮ್ಮ ನೀಲಿ!” ಎಂದು ಎದ್ದವಳೇ ಓಣಿಗೆಲ್ಲ ಸಕ್ಕರೆ ಹಂಚಿಬಿಟ್ಟಳು. ‘ಆದರೆ ನನಗೆ ಬೇಡ’ ಎಂಬುದು ಬೆರಳ ತುದಿಯಲ್ಲೇ ಉಳಿಯಿತು. ಆ ಸಕ್ಕರೆಯ ಅಂಟು ಬಿಡಿಸಿಕೊಳ್ಳಲು ಒಂದು ಮಳೆಗಾಲ ಹಿಡಿಯಿತು. ಬೇಡ ಎನ್ನುವ ಒಂದು ಮಾತನ್ನು ಹೊತ್ತಿಗೆ ಸರಿಯಾಗಿ ಆಡುವಂತಾದರೆ ಸಾಕೆಂದು ಅಂದಿನಿಂದ ಹಪಹಪಿಸಿದೆ.

ಕೆಳಗಿನ ಓಣಿಯ ಪ್ರಭಾವತಿ ತೀರಿಕೊಂಡಳು. ಆಕೆಯ ಪಟ್ಟಿ ನನಗೆ ಬರಬೇಕಾದದ್ದು. ತಾಯಿ ಬಾಳವ್ವ ಕಳಿಸಲಿಲ್ಲ. ಮಗಳ ದನಿ, ಆಕೆ ಆಡಿದ ಕೆಲವು ಮಾತುಗಳು ಅದರಲ್ಲಿ ಉಳಿದಿದ್ದವು, ದಿನಾ ಮುಂಜಾನೆ ಪಟ್ಟಿಯನ್ನು ಅಂಗೈಯಲ್ಲಿಟ್ಟುಕೊಂಡು, “ಯವ್ವಾ, ಎದ್ದಿ ಏನು?” ಎಂದು ಅದು ಕೇಳುವುದನ್ನು ಕೇಳುತ್ತಾಳಂತೆ. ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಸತ್ತವಳಿಗೆ ಮಾತೇಕೆ, ಬದುಕಿರುವವಳು ನಾನಿಲ್ಲವೇ ಎಂದು ಒಳಗೊಳಗೇ ಕುದಿದೆ. ಮುಯ್ಯಿಮನೆ ನೋಡಿಕೊಳ್ಳುವ ಅಡಿವೆಪ್ಪಣ್ಣ “ಹೆತ್ತ ಕರಳು ಐತಿ ತಂಗಿ, ತಡಿ” ಎನ್ನುತ್ತಿದ್ದ. ತಡೆದೆ. ಬೇರೆ ದಾರಿಯೂ ಇರಲಿಲ್ಲ.

ಹೋದ ವರ್ಷದ ಯುಗಾದಿ ಕಳೆದ ಮೇಲೆ ಬಾಳವ್ವ ಹೇಳಿ ಕಳಿಸಿದಳು. ಚಿಗವ್ವ, ಅಡಿವೆಪ್ಪಣ್ಣ, ನಾನು ಹೋದೆವು. ಬಾಳವ್ವ ನನ್ನ ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಕುಬುಸದ ಕಣದ ಬಟ್ಟೆ ಇಟ್ಟು, ಅದರ ಮೇಲೆ ಪಟ್ಟಿಯ ಡಬ್ಬಿಯನ್ನಿಟ್ಟಳು. ಆದರೆ ಕೈ ತೆಗೆಯಲಿಲ್ಲ. “ಅಕಿ ದನಿ ಹಂಗ ಇರ್ಲಿ ಬಿಡವ್ವಾ. ಅಳಿಸಬ್ಯಾಡ. ನಿನ್ನ ಬಾಯಾಗ ಅಕಿ ಉಳೀತಾಳ” ಎಂದಳು.

ಪಟ್ಟಿ ಹಚ್ಚಿಕೊಳ್ಳುವವರು ತಮ್ಮ ದನಿ ತಾವೇ ಆರಿಸಿಕೊಳ್ಳಬೇಕೆಂಬುದು ರೂಢಿ; ಹೊಸ ದನಿ ಕೂತರೆ ಹಳೆಯದು ಅಳಿದುಹೋಗುತ್ತದೆ. ಅಡಿವೆಪ್ಪಣ್ಣ ನೆಲ ನೋಡಿದ. ಉಡಿಯಲ್ಲಿ ಅಷ್ಟು ಭಾರ ಇಟ್ಟುಕೊಂಡು ಇಲ್ಲವೆನ್ನುವುದು ಹೇಗೆ? ನಾನು ಹಲಗೆಯ ಮೇಲೆ ಬೆರಳಿಟ್ಟೆ. ಎರಡಕ್ಷರ ಮುಟ್ಟಿರಲಿಲ್ಲ, ಚಿಗವ್ವ “ಹೂಂ ಅಂತಾಳ್ರೀ” ಎಂದು ಬಾಯಿ ಹಾಕಿದಳು. ಬಾಳವ್ವ ಆಕೆಯ ಮೊಣಕಾಲಿನ ಮೇಲೆ ಕೈಯಿಟ್ಟಳು.

“ತಡೀರಿ ಕಸ್ತೂರೆವ್ವಾರ. ಅಕಿ ಹೇಳಿ ಮುಗಿಸ್ಲಿ.”

ಹಾಗೆ ನನಗೆ ಯಾರೂ ಕಾದಿರಲಿಲ್ಲ. ಪಟ್ಟಿ ಬರುವ ಮೊದಲು ಪ್ರಭಾವತಿಯೂ ಹಲಗೆಯಲ್ಲೇ ಮಾತಾಡುತ್ತಿದ್ದವಳು; ಆ ಕಾಯುವಿಕೆ ತಾಯಿಗೆ ಗೊತ್ತಿತ್ತು. ಚಾ ಆರಿತು, ಬಿಸಿಲು ಗೋಡೆಯಿಂದ ಇಳಿಯಿತು. ಆಕೆ ನನ್ನ ಬೆರಳನ್ನೇ ನೋಡುತ್ತ ಕೂತಳು. ನಾನು ಮುಟ್ಟಿ ಮುಗಿಸಿದ್ದು ಇಷ್ಟು: ‘ಬ್ಯಾಡ. ತಪ್ಪು ತಿಳೀಬ್ಯಾಡ್ರಿ. ನನಗ ನನ್ನ ದನಿ ಬೇಕು.’

ಬಾಳವ್ವ ಅದನ್ನು ಒಂದೊಂದೇ ಪದವಾಗಿ ಗಟ್ಟಿಯಾಗಿ ಓದಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೊನೆಯ ಸಲ ಮಗಳ ದನಿ ಕೇಳಿ, ಪಟ್ಟಿಯನ್ನು ಅಡಿವೆಪ್ಪಣ್ಣನ ಕೈಗೆ ಕೊಟ್ಟಳು. ನಾನು ಸ್ವಲ್ಪ ಒಡಕಾದ, ಜಗಳಕ್ಕೆ ಒದಗುವ ದನಿ ಆರಿಸಿಕೊಂಡೆ; ಅವನು ಅದನ್ನು ಪಟ್ಟಿಯಲ್ಲಿ ಕೂರಿಸಿ ನನ್ನ ಕೆನ್ನೆಗೆ ಅಂಟಿಸಿದ. ಬಾಯಿಂದ ಬಂದ ಮೊದಲ ಮಾತು “ಅಳಬ್ಯಾಡ್ರಿ ಬಾಳವ್ವಾರ, ಚಾ ಆರೇತಿ, ಬ್ಯಾರೆ ಮಾಡ್ರಿ.” ಆಕೆ ಅಳುತ್ತಲೇ ನಕ್ಕು ಒಲೆ ಹಚ್ಚಲು ಎದ್ದಳು.

ಹಿರಿಯರೇ, ನಿಮ್ಮ ಅಟ್ಟಗಳ ಮೇಲೆ, ಮಂಚಗಳ ಕೆಳಗೆ ತೀರಿಕೊಂಡವರ ಕುರ್ಚಿ, ಕೋಲು, ಕಿವಿಯ ಯಂತ್ರಗಳು ಇದ್ದೇ ಇರುತ್ತವೆ. ದುಃಖ ತೀರಿದ ಮೇಲೆ ಕಳಿಸಿಕೊಡಿ, ತೀರದಿದ್ದರೂ ಕಳಿಸಿಕೊಡಿ. ಹೊಸದಕ್ಕೆ ದುಡ್ಡು ಕೂಡಿಸುವವರಿದ್ದರೆ ಕೂಡಿಸಿ, ನಿಮ್ಮ ಪುಣ್ಯ. ಆದರೆ ಏನು ಬೇಕೆಂಬುದನ್ನು ನಮ್ಮನ್ನೇ ಕೇಳಿ, ನಮ್ಮ ಕುರ್ಚಿ ತಳ್ಳುವವರನ್ನಲ್ಲ. ಕೇಳಿದ ಮೇಲೆ ಸುಮ್ಮನೆ ಕೂತು ಕಾಯಿರಿ. ನಮ್ಮ ಉತ್ತರ ತಡವಾಗಿ ಬರುತ್ತದೆ, ಬಂದೇ ಬರುತ್ತದೆ.

ನೀಲಗಂಗಾ