ಚುಕ್ಕಾಣಿ ಹಿಡಿದ ಅರ್ಧ ಗಂಟೆ

ಭಾವನವರೇ,

ನಿಮ್ಮ ಬಿಳಿ ಟೋಪಿ ಕದ್ದವನು ನಾನೇ ಎಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ, ಬೆಕ್ಕು ನಿರಪರಾಧಿ. "ನಿಮಗ್ಯಾಕ್ರೀ ಸಮುದ್ರ, ಬಕೆಟ್ಟಲ್ಲೂ ಮುಳುಗೋ ಆಸಾಮಿ ನೀವು" ಎಂದು ಮನೆಮಂದಿಯೆದುರು ನನ್ನ ಮಾನ ಹರಾಜು ಹಾಕಿದಿರಲ್ಲ, ಈಗ ಕೇಳಿ. ಇಂದು ಬೆಳಿಗ್ಗೆ ಈ ಒರಟು ದ್ವೀಪದ ದಡದಲ್ಲಿ ಹಾಯಿದೋಣಿಯ ಚುಕ್ಕಾಣಿ ಹಿಡಿದವನು ಸಾಕ್ಷಾತ್ ನಿಮ್ಮ ತಂಗಿಯ ಗಂಡ! ನಾಲ್ಕಂತಸ್ತಿನ ಕರಿಬಂಡೆ ಎಡದಿಂದ ಮೈಮೇಲೆ ಬಂದಾಗ ಬಲಕ್ಕೆ ತಿರುಗಿಸಿ ತಪ್ಪಿಸಿಕೊಂಡೆ. ಹೀಗೆ ಅರ್ಧ ಗಂಟೆಯಲ್ಲಿ ಮೂರು ಬಂಡೆ ದಾಟಿಸಿದೆ. ಮೂರರ ನೆತ್ತಿಯ ಮೇಲೂ ಒಂದೊಂದು ಮೇಕೆ. ಇಲ್ಲಿಯ ಮೇಕೆಗಳಿಗೆಲ್ಲ ಎಡಗೊಂಬು ಮುರಿದಿರುತ್ತದೆ, ಎಂಥ ವಿಚಿತ್ರ! ಕ್ಯಾಪ್ಟನ್ ಕಾಫಿ ಹೀರುತ್ತಾ "ಭೇಷ್" ಎಂದ.

ಹೊಟ್ಟೆ ತೊಳಸುವುದು ನಿಂತಿದೆ, ಬೇಸಿಗೆಯ ಕೊನೆಯ ಬಿಸಿಲಿಗೆ ಮೂಗು ಮಾತ್ರ ಸುಲಿದಿದೆ ಎಂದು ಅತ್ತೆಯವರಿಗೆ ತಿಳಿಸಿ. ಕಾರ್ಡು ತುಂಬಿತು.

ಅವಸರದಲ್ಲಿ,
ನಿಮ್ಮ ನಾವಿಕ

ವಿ.ಸೂ.: ನಿಮ್ಮ ತಂಗಿ ಬೆನ್ನ ಹಿಂದೆ ನಿಂತು ಓದಿಬಿಟ್ಟಳು. "ರೀ, ಅದು ಒಂದೇ ಮೇಕೆ ಕಣ್ರೀ! ನಿಜ ನೀವು ಬರೀತೀರೋ, ನಾನು ಬರೀಲೋ?" ಬರೆಯುತ್ತೇನೆ: ಕ್ಯಾಪ್ಟನ್ ಲಂಗರು ಎತ್ತಿರಲೇ ಇಲ್ಲ. ದೋಣಿ ಅಷ್ಟು ಹೊತ್ತೂ ನಿಂತಲ್ಲೇ ಗಿರಕಿ ಹೊಡೆಯುತ್ತಿತ್ತು.