ಪೂಜಿಗಿ ಹೋದ ತಿಳಿನೀರು

ಶಹಾಬಾದ, ಸೋಮವಾರ

ಅಕ್ಕಗ ಶರಣು. ಮಗಳ ಖೋಲಿಗಿ ಬಂದು ಮುಟ್ಟೀನಿ. ಸುವರ್ಣಾ ಕಾಲೇಜಿನ ಸಂಶೋಧನಾಕ್ಕಂತ ಕಾಗಿಣಾ ಹೊಳಿ ರಾಡಿನೀರು ತಂದು, ನುಗ್ಗಿಬೀಜದ ಪುಡಿ ಹಾಕಿ ತಿರುವಿ ಇಡ್ತಾಳ. ರಾಡಿ ಒಂದಕ್ಕೊಂದು ಅಂಟಿ, ಹತ್ತಿ ಉಂಡಿಯಂಗ ಗಂಟಾಗಿ ತಳಕ್ಕ ಕುಂದರ್ತದ. ಮ್ಯಾಲ ಭಾಳ ತಿಳಿನೀರು.

ನಿನ್ನೆ ಮುಂಜಾನಿ ಆ ತಿಳಿ ಕಂಡು ತಂಬಗಿಗಿ ಬಸಕೊಂಡು ಲಿಂಗಪೂಜಿ ಮಾಡಿಬಿಟ್ಟೆ.

"ಅವ್ವಾ, ಇಲ್ಲಿದ್ದ ನೀರೆಲ್ಲಿ? ಎಷ್ಟು ತಿಳಿ ಆಗ್ಯದಂತ ಇವತ್ತು ಅಳೀಬೇಕಿತ್ತು."

"ಲಿಂಗಕ್ಕ ಎರದೀನಿ."

"ಕರುಣೋದಕ ಅಂತ ಕುಡದಿಯೇನು?"

"ಕುಡೀಲಾರದ ಬಿಡ್ತೀನೇನು?"

ಆಕಿ ತಲಿ ಹಿಡಕೊಂಡು ಕುಂತಳು. ತಿಳಿ ಆದರೂ ಕಾಸಲಾರದ ಕುಡೀಬಾರದಂತ, ಅದರಾಗಿನ ಹುಳ ಕಣ್ಣಿಗಿ ಕಾಣಂಗಿಲ್ಲಂತ. ನನ್ನ ಹೊಟ್ಟಿ ಆರಾಮ ಅದ, ಚಿಂತಿ ಮಾಡಬ್ಯಾಡ.

ಆದರ ಆಕಿ ಹದಿನೈದು ದಿನದ ಕೆಲಸ ಕೆಡಸೀನಿ. ಬೀಜನೂ ಮುಗದಾವ, ಬರೋ ತಿಂಗಳು ಬರದು ಒಪ್ಪಿಸಬೇಕು. ಮೊದಲಿನ ಬೀಜ ನಿಮ್ಮ ಹಿತ್ತಲ ಗಿಡದ್ದು, ಮತ್ತ ಅದರದ್ದೇ ಬೇಕಂತ. ಒಣಗಿದ ನುಗ್ಗಿಕಾಯಿ ಕೊಡ್ಲಿ ಊರಿನ ಬಸ್ಸಿನ್ಯಾಗ ಕಳಸು. ಫೋನು ಭಾವನೋರ ಕೈಯಾಗಿರ್ತದ, ನಾಚಿಕಿ ಆಗಿ ಕಾರ್ಡ್ ಬರದೀನಿ.

ಸುವರ್ಣಾ ಬೈಲಿಲ್ಲ. ಇವತ್ತು ನಾ ಏಳೂದ್ರಾಗ ನನ್ನ ಪೂಜಿಗಂತ ಒಂದು ತಂಬಗಿ ನೀರು ಕಾಸಿ, ಆರಿಸಿ, ಮುಚ್ಚಿಟ್ಟಿದ್ದಳು.

ಜಾಗ ಮುಗೀತು.
ತಂಗಿ ಗುರಮ್ಮ