ಒಳಗಿನಿಂದ ಒಡೆದ ಗಾಜು

ನಾರೋಲ್, ಅಹಮದಾಬಾದ್
೯ ಫೆಬ್ರವರಿ ೨೦೨೫

ಮಗನೇ ಪ್ರಶಾಂತಾ, ಆಶೀರ್ವಾದ.

ಹೇಗಿದ್ದೀಯ? ಸೊಸೆ ಅರ್ಚಿತಾ ಹೇಗಿದ್ದಾಳೆ? ನಿನ್ನ ಅಮ್ಮ ಸೂರತ್ತಿಗೆ ಬಂದ ಮೇಲೆ ಸೊಸೆಯ ಕೈಯಡುಗೆ ಉಂಡು ನನ್ನನ್ನು ಮರೆತಂತಿದೆ. ನಾನು ಚೆನ್ನಾಗಿದ್ದೇನೆ; ನಾನೇ ಮಾಡಿದ ಸಾರು ಉಂಡೂ ಬದುಕಿದ್ದೇನೆ ಎಂದರೆ ನೋಡು. ಫೋನಿನಲ್ಲಿ ಏನು ಕೇಳಿದರೂ ನೀನು ಮಾತು ತೇಲಿಸುತ್ತೀಯ. ಅದಕ್ಕೇ ಬರೆದು ನಿನ್ನ ಡ್ರೈವರ್ ಹನುಮಂತನ ಕೈಯಲ್ಲಿ ಕಳಿಸುತ್ತಿದ್ದೇನೆ.

ನಿನ್ನ ಲಾರಿಗೆ ಹೊಸ ಮುಂಗಾಜು ಕೂರಿಸಿದ್ದಾಯಿತು. ಅಂಟು ಒಣಗಲಿ, ಸಂಜೆಯವರೆಗೆ ಹೊರಡಬೇಡ ಎಂದು ಹನುಮಂತನನ್ನು ನಿಲ್ಲಿಸಿಕೊಂಡಿದ್ದೇನೆ. ಹಳೆಯದು ಒಡೆದದ್ದು ಹೇಗೆ ಎಂದರೆ ನೆಲ ನೋಡುತ್ತ, "ಭರೂಚ್ ಹತ್ರ ಕಲ್ಲ ಬಡೀತ್ರೀ ಯಜಮಾನ್ರ, ಮುಂದಿನ ಗಾಡೀದು" ಎಂದ. ನೀನು ಹೇಳಿದ್ದೂ ಅಕ್ಷರಶಃ ಅದೇ. ಇಬ್ಬರು ಹುಡುಗರು ಒಂದೇ ಪಾಠ ಒಪ್ಪಿಸಿದರೆ ಮೇಷ್ಟರಿಗೆ ಅನುಮಾನ ಬರದೇ ಇರುತ್ತದೆಯೇ? ಕಲ್ಲು ಬಡಿದರೆ ಗಾಜಿನ ಹೊರಮೈಯಲ್ಲಿ ಚಿಪ್ಪೆದ್ದು ಹಳ್ಳ ಬೀಳುತ್ತದೆ. ನನ್ನ ಈ ಗಾಜಿನ ಅಂಗಡಿಯಲ್ಲೇ ಬೆಳೆದ ನಿನಗೆ ಅದನ್ನು ಹೇಳಿಕೊಡಬೇಕೇ? ಉಗುರಾಡಿಸಿ ನೋಡಿದೆ, ಹೊರಗೆ ಹಳ್ಳವೇ ಇಲ್ಲ. ಮಗುಚಿದ ಬಟ್ಟಲಿನಂತೆ ಹೊರಕ್ಕೆ ಉಬ್ಬಿದೆ. ಅಂದರೆ ಏಟು ಒಳಗಿನದು, ಅದೂ ಎಡಗಡೆಯ ಸೀಟಿನ ಎದುರಿಗೆ.

ಇನ್ನೊಂದು. ಕ್ಯಾಬಿನ್ ತುಂಬ ಫಿನಾಯಿಲ್ ವಾಸನೆ. ಹನುಮಂತ ಲಾರಿ ತೊಳೆಯುವುದು ಆಯುಧಪೂಜೆಗೆ ಮಾತ್ರ. ನಾನಿನ್ನೂ ಬಾಯಿ ತೆರೆದಿರಲಿಲ್ಲ, "ಆ ಸೀಟಿನ್ಯಾಗ ಯಾರೂ ಇದ್ದಿಲ್ರೀ" ಎಂದುಬಿಟ್ಟ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ನೀನೇ ಕೂತಿದ್ದೆಯೇನೋ ಎಂದು ಮೊದಲು ಹೆದರಿದೆ. ಆದರೆ ವಿಡಿಯೋ ಕಾಲಿನಲ್ಲಿ ನಿನ್ನ ಹಣೆ ನುಣ್ಣಗೇ ಕಂಡಿತ್ತು. ಅಮ್ಮನಿಗೆ ಫೋನ್ ಕೊಡು ಎಂದಾಗಲೆಲ್ಲ ಮಲಗಿದ್ದಾಳೆ ಎನ್ನುತ್ತೀಯ. ಮಧ್ಯಾಹ್ನ ಮಲಗುವವರನ್ನು ಬೈದುಕೊಂಡೇ ಸಂಸಾರ ಮಾಡಿದವಳು ಅವಳು. ಯಾವಾಗಿನಿಂದ ಈ ಹೊಸ ಅಭ್ಯಾಸ?

ನಿನಗೆ ಸುಳ್ಳು ಹೇಳಲು ಬರುವುದಿಲ್ಲ, ಅದೊಂದು ಸಮಾಧಾನ. ಹೊಸ ಗಾಜಿಗೆ ಎರಡು ದಿನ ನೀರು ಹೊಡೆಸಬೇಡ. ಎಲ್ಲರಿಗೂ ದೇವರು ಒಳ್ಳೆಯದು ಮಾಡಲಿ.

ಇಂತು ನಿನ್ನ ಅಪ್ಪ,
ಗೋಪಾಲಕೃಷ್ಣ

ಮರೆತ ಮಾತು: ಸಹಿ ಹಾಕಿ ಎದ್ದು ಹಳೆಯ ಗಾಜನ್ನು ಗುಜರಿಗೆ ಎತ್ತಿಡಲು ಹೋದೆ. ಒಳಬದಿಯ ಬಿರುಕಿನಲ್ಲಿ ಉದ್ದದೊಂದು ಕೂದಲು ಸಿಕ್ಕಿಕೊಂಡಿದೆ. ಬುಡ ಬಿಳಿ, ತುದಿ ಮದರಂಗಿ ಕೆಂಪು. ನಿನ್ನ ಅಮ್ಮನ ತಲೆಗೆ ಮದರಂಗಿ ಹಚ್ಚಿಕೊಡುವವನು ನಾನೇ ಅಲ್ಲವೇನೋ? "ನೀವ್ ಕೂರ್ಸಿದ್ ಗಾಜಿನ್ ಎದ್ರ್ ಕೂಕಂಡ್ ಒಂದ್ ಸಲ ರಸ್ತೆ ಕಾಣ್ಕ್" ಎನ್ನುತ್ತಿದ್ದಳು. ಹೇಳದೆ ಬಂದು ನನ್ನನ್ನು ಬೆರಗುಗೊಳಿಸಬೇಕೆಂದು ಲಾರಿ ಹತ್ತಿದಳೇ? ಲಾರಿ ಇವತ್ತು ರಾತ್ರಿ ನಿನ್ನಲ್ಲಿಗೆ ಮುಟ್ಟುತ್ತದೆ, ನಾನು ನಾಳೆ ಬೆಳಗಿನ ರೈಲಿಗೆ ಹೊರಡುತ್ತೇನೆ. ಸೂರತ್ ಸ್ಟೇಷನ್ನಿನಿಂದ ಮನೆಗೆ ಬರಲೋ, ಆಸ್ಪತ್ರೆಗೆ ಬರಲೋ, ಅಷ್ಟನ್ನಾದರೂ ನಿಜ ಹೇಳು.